ಬೇಬೆಯ ಎರಡು ಪ್ರಶ್ನೆಗಳು

ಆ ಚಳಿಗಾಲ ಪೂರ್ತಿ ಸುರ್ಜೀತ್ ಕೌರಳ ಮನೆಯಲ್ಲಿ ಸೊಸೆ ಒಲೆ ಮುಟ್ಟಲಿಲ್ಲ. ಎಮ್ಮೆಯ ಹಾಲು ಕರೆಯಲಿಲ್ಲ, ಸಗಣಿ ಬಾಚಲಿಲ್ಲ, ತಾನು ಉಂಡ ತಟ್ಟೆಯನ್ನೂ ತೊಳೆಯಲಿಲ್ಲ. ಹಾಗಂತ ಅವಳೇನೂ ಸುಖವಾಗಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಳದ ಹಗ್ಗದ ಮಂಚದ ಮೇಲೆ ಕೂತು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುವುದೇ ಅವಳ ಕೆಲಸ. ಬೇಸರವಾಗಿ ಎದ್ದು ನಿಂತರೆ ಸಾಕು, ಅತ್ತೆ ಅಡುಗೆಮನೆಯಿಂದ ಕತ್ತು ಹೊರಗೆ ಹಾಕುತ್ತಿದ್ದಳು.

ನನಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ನಮ್ಮ ಎರಡು ಅಂಗಳಗಳ ನಡುವೆ ಎದೆಯೆತ್ತರದ ಒಂದು ಇಟ್ಟಿಗೆ ಗೋಡೆ ಬಿಟ್ಟರೆ ಬೇರೇನೂ ಇಲ್ಲ. ಅದರ ಮೇಲಿಂದ ಮಜ್ಜಿಗೆ ಬರುತ್ತದೆ, ಸಾಸಿವೆ ಸೊಪ್ಪಿನ ಪಲ್ಯ ಹೋಗುತ್ತದೆ, ಜಗಳ ಎರಡೂ ಕಡೆಗೆ ಓಡಾಡುತ್ತದೆ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಊರಿಗೆಲ್ಲ ಅಕ್ಕ, ಇಲ್ಲಿನ ಮಾತಿನಲ್ಲಿ ಭೈಣ್‌ಜೀ. ನನಗೆ ಹೆಸರೊಂದು ಇತ್ತು ಅನ್ನುವುದು ಈಗ ಪಿಂಚಣಿ ಆಫೀಸಿನವರಿಗೆ ಮಾತ್ರ ನೆನಪಿದೆ.

ಪ್ರಭ್ಲೀನ್ ಈ ಮನೆಗೆ ಸೊಸೆಯಾಗಿ ಬಂದದ್ದೇ ಇಂಗ್ಲಿಷ್ ಪರೀಕ್ಷೆಯ ಅಂಕದ ಮೇಲೆ. ಪರೀಕ್ಷೆಗೆ ಐಲೆಟ್ಸ್ ಅನ್ನುತ್ತಾರೆ, ಅಂಕಕ್ಕೆ ಬ್ಯಾಂಡ್. ಆರೂವರೆ ಬ್ಯಾಂಡಿನ ಹುಡುಗಿ ಸಿಕ್ಕರೆ ನಮ್ಮ ಕಡೆ ಬಣ್ಣ ನೋಡುವುದಿಲ್ಲ, ಎತ್ತರ ನೋಡುವುದಿಲ್ಲ. ಮದುವೆಯಿಂದ ಹಿಡಿದು ಕೆನಡಾದ ಕಾಲೇಜಿನ ಫೀಸಿನವರೆಗೆ ಖರ್ಚೆಲ್ಲ ಗಂಡಿನ ಕಡೆಯದು. ಹುಡುಗಿ ಮೊದಲು ಹೋಗಿ ಆಮೇಲೆ ಗಂಡನನ್ನು ಕರೆಸಿಕೊಳ್ಳಬೇಕು. ಸುರ್ಜೀತಳ ಮಗ ಲಖ್ವೀರ್ ತಾನೇ ಮೂರು ಸಲ ಕೂತು ನಾಲ್ಕೂವರೆ ದಾಟದವನು. ಗಂಡ ಸತ್ತ ಮೇಲೆ ಐದು ಎಕರೆಯನ್ನು ಒಬ್ಬಳೇ ಕಾಯ್ದುಕೊಂಡು ಬಂದ ಸುರ್ಜೀತ್, ಅದರಲ್ಲಿ ಎರಡು ಎಕರೆ ಮಾರಿ ಮಗನಿಗೆ ಈ ಹುಡುಗಿಯನ್ನು ತಂದಳು. ಆಮೇಲೆ ವೀಸಾ ಎರಡು ಸಲ ತಿರಸ್ಕಾರವಾಯಿತು. ಬ್ಯಾಂಡಿಗೆ ಆಯುಸ್ಸು ಎರಡೇ ವರ್ಷ. ಅದು ಮುಗಿಯಿತು. ಹುಡುಗಿ ಮತ್ತೆ ಪರೀಕ್ಷೆಗೆ ಕೂರಬೇಕಾಯಿತು.

ಎರಡು ವರ್ಷ ರೊಟ್ಟಿ ತಟ್ಟಿದ್ದರಲ್ಲಿ ಅವಳ ಇಂಗ್ಲಿಷ್ ತುಕ್ಕು ಹಿಡಿದಿತ್ತು. ಸುರ್ಜೀತ್ ಒಂದೇ ಮಾತಿನಲ್ಲಿ ಮನೆಯ ಕೆಲಸಗಳನ್ನು ಹೊಸದಾಗಿ ಹಂಚಿದಳು. ಸೊಸೆಯ ಪಾಲಿನದೆಲ್ಲ ಮಗಳ ತಲೆಗೆ ಬಂತು.

ಮಗಳು ವೀರ್ಪಾಲ್, ಎಲ್ಲರ ಬಾಯಲ್ಲಿ ವೀರೋ. ಹತ್ತೊಂಬತ್ತು ವರ್ಷ. ಹನ್ನೆರಡನೇ ತರಗತಿಯಲ್ಲಿ ಮೊದಲ ದರ್ಜೆ ಬಂದವಳು, ಮೋಗಾದ ಕಾಲೇಜಿಗೆ ಅರ್ಜಿ ತಂದಿಟ್ಟುಕೊಂಡಿದ್ದಳು. ಆ ಅರ್ಜಿ ಹಿಟ್ಟಿನ ಡಬ್ಬದ ಕೆಳಗೆ ಹೋಯಿತು. "ಒಂದೇ ವರ್ಷ ತಡ್ಕೋ. ನಿನ್ನ ಭಾಬಿಗೆ ಬ್ಯಾಂಡ್ ಬಂದು ಅವಳು ವಿಮಾನ ಹತ್ತಿಕೊಂಡು ಹೋಗ್ಲಿ, ಮುಂದಿನ ಜುಲೈಗೆ ನಿನ್ನ ಕಾಲೇಜು. ಗುರುಗಳ ಆಣೆ," ಎಂದಿದ್ದಳು ಸುರ್ಜೀತ್. ತಾಯಿ ಆಣೆ ಇಟ್ಟ ಮೇಲೆ ವೀರೋ ಎಮ್ಮೆಗಳ ಕಡೆ ಹೋದಳು.

ಆ ಹುಡುಗಿಗೆ ಓದುವ ಚಟ. ಮನೆಯಲ್ಲಿ ಪುಸ್ತಕವಿಲ್ಲ. ಸಮೋಸ ಕಟ್ಟಿಕೊಂಡು ಬಂದ ಕಾಗದ, ಟ್ರಂಕಿನ ತಳಕ್ಕೆ ಹಾಸಿದ ಹಳೆಯ ಪತ್ರಿಕೆ, ಗೊಬ್ಬರದ ಚೀಲದ ಮೇಲಿನ ಸೂಚನೆ, ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದಳು. ಪತ್ರಿಕೆಯ ಕಥೆ ಅರ್ಧದಲ್ಲಿ ಹರಿದಿದ್ದರೆ ಮಿಕ್ಕಿದ್ದನ್ನು ತಾನೇ ಹೊಸೆದು ಅಜ್ಜಿಗೆ ಹೇಳುತ್ತಿದ್ದಳು. ಎಲ್ಲಿಯವರೆಗೆ ಅಚ್ಚಿನದು, ಎಲ್ಲಿಂದ ಅವಳದು ಎಂದು ಅಜ್ಜಿಗೆ ಒಂದು ದಿನವೂ ಗೊತ್ತಾಗಲಿಲ್ಲ.

ಅಜ್ಜಿ ಎಂದರೆ ಸುರ್ಜೀತಳ ಅತ್ತೆ, ನಿಹಾಲ್ ಕೌರ್. ಎಂಬತ್ತೆರಡು ವರ್ಷ. ಬೀದಿಗೆಲ್ಲ ಬೇಬೆ. ಅಕ್ಷರ ಬಾರದು, ಆದರೆ ಬೆಳಗಿನ ಪ್ರಾರ್ಥನೆ ಪೂರ್ತಿ ಕಂಠಪಾಠ. ಚಿಕ್ಕವಳಿದ್ದಾಗ ತಮ್ಮಂದಿರನ್ನು ಶಾಲೆಗೆ ಬಿಟ್ಟು, ಅವರ ಚಪ್ಪಲಿ ಕಾಯುತ್ತ ಹೊರಗೆ ಕೂರುತ್ತಿದ್ದಳಂತೆ. ಕಿಟಕಿ ಎತ್ತರ, ಒಳಗೆ ಏನೂ ಕಾಣದು. ಕೇಳಿಕೇಳಿಯೇ ಹದಿನಾರರವರೆಗೆ ಮಗ್ಗಿ ಕಲಿತಳು. ಇವತ್ತಿಗೂ ಡೈರಿಯವನು ಹಾಲಿನ ದುಡ್ಡಿನಲ್ಲಿ ಎರಡು ರೂಪಾಯಿ ತಪ್ಪಿಸಿದರೆ ಹಿಡಿಯುವವಳು ಅವಳೇ.

ಕೋಚಿಂಗ್ ಸೆಂಟರಿನ ಸರ್ ಒಂದು ಉಪಾಯ ಹೇಳಿಕೊಟ್ಟಿದ್ದರು. ಮನೆಯಲ್ಲಿ ಯಾರಾದರೂ ಯಾವಾಗ ಬೇಕಾದರೂ ಇಂಗ್ಲಿಷಿನಲ್ಲಿ ಪ್ರಶ್ನೆ ಎಸೆಯಬೇಕು, ಹುಡುಗಿ ಕೂಡಲೇ ಉತ್ತರ ಕೊಡಬೇಕು, ಆಗ ಹೆದರಿಕೆ ಹೋಗುತ್ತದೆ. ಲಖ್ವೀರನಿಗೆ ಎರಡು ದಿನಕ್ಕೇ ಬೇಸರವಾಯಿತು. ಅವನು ತನ್ನ ಕೆಲಸವನ್ನು ಅಜ್ಜಿಗೆ ದಾಟಿಸಿದ. ಪಕ್ಕದಲ್ಲಿ ಕೂರಿಸಿಕೊಂಡು ಎರಡು ಪ್ರಶ್ನೆ ಬಾಯಿಗೆ ಬರಿಸಿದ. ಮೂರನೇ ದಿನದ ಬೆಳಗಿನ ಚಹಾಕ್ಕೆ ಬೇಬೆ ಪ್ರಾರ್ಥನೆ ಮುಗಿಸಿ, ಶಾಲು ಸರಿಮಾಡಿಕೊಂಡು, ಪ್ರಭ್ಲೀನಳ ಮಗ್ಗುಲಿಗೆ ತಿರುಗಿ ಶುದ್ಧವಾಗಿ ಕೇಳಿದಳು:

"ವಾಟ್ ಆರ್ ಯುವರ್ ಪ್ಲಾನ್ಸ್ ಫಾರ್ ದ ಫ್ಯೂಚರ್?"

ಉತ್ತರ ಬಂದ ಮೇಲೆ ಇನ್ನೊಂದು:

"ಡೂ ಯೂ ಲೈಕ್ ರೀಡಿಂಗ್?"

ನಾನು ಗೋಡೆಯ ಈಚೆ ಚಹಾ ಲೋಟ ಹಿಡಿದು ನಿಂತವಳು ನಗು ತಡೆಯಲಾರದೆ ಒಳಗೆ ಓಡಿದೆ. ಬೇಬೆಗೆ ಪ್ರಶ್ನೆಯ ಅರ್ಥವೂ ಗೊತ್ತಿಲ್ಲ, ಉತ್ತರದ ಅರ್ಥವೂ ಗೊತ್ತಿಲ್ಲ. ಅವಳ ಅಳತೆ ಒಂದೇ. ಹುಡುಗಿ ತೊದಲದೆ ಹೇಳಿದರೆ "ಶಾಬಾಶ್ ಪುತ್, ಪೂರ್ತಿ ಅಂಕ" ಅನ್ನುವಳು. ತೊದಲಿದರೆ ನಾಲಿಗೆ ಲೊಚಗುಟ್ಟಿ ಪ್ರಶ್ನೆಯನ್ನು ಮೊದಲಿಂದ ಕೇಳುವಳು. ಇದು ದಿನಾ ನಡೆಯಿತು.

ಹದಿನೈದು ದಿನವಾದ ಮೇಲೆ ಒಂದು ಮಧ್ಯಾಹ್ನ ಬೇಬೆ ಸೊಪ್ಪಿನ ಬಟ್ಟಲು ಹಿಡಿದು ಗೋಡೆಯ ಹತ್ತಿರ ಬಂದಳು.

"ಭೈಣ್‌ಜೀ, ನಮ್ಮ ಹುಡುಗಿ ದಿನಾ ನನಗೆ ಏನೋ ಹೇಳ್ತಾಳಲ್ಲ, ಅದರ ಅರ್ಥ ಏನು? ಕೇಳೋಳು ನಾನು, ಗೊತ್ತಿಲ್ಲದೋಳೂ ನಾನೇ. ಒಂಥರಾ ನಾಚಿಕೆ ಆಗುತ್ತೆ."

ನಾನು ಮೇಷ್ಟರ ಜಾತಿ. ಅರ್ಥ ಕೇಳಿದರೆ ಅರ್ಥ ಹೇಳುವುದೊಂದೇ ಗೊತ್ತು. "ನಿನ್ನ ಮುಂದಿನ ಯೋಜನೆ ಏನು ಅಂತ ನೀವು ಕೇಳ್ತೀರಿ. ಓದು ಮುಗಿಸಿ ನಮ್ಮೂರಿಗೆ ವಾಪಸ್ ಬರ್ತೀನಿ, ಇಲ್ಲಿನ ಹೆಣ್ಣುಮಕ್ಕಳಿಗೆ ಒಂದು ಸ್ಕೂಲ್ ತೆಗೀತೀನಿ ಅಂತ ಅವಳು ಹೇಳ್ತಾಳೆ," ಎಂದೆ.

ಬೇಬೆ ಬಟ್ಟಲನ್ನು ಗೋಡೆಯ ಮೇಲೆ ಇಟ್ಟಳು.

ಆ ಉತ್ತರ ಕೋಚಿಂಗ್ ಸೆಂಟರಿನದು. ಅಲ್ಲಿ ಓದುವ ಮುನ್ನೂರು ಮಕ್ಕಳಿಗೂ ಅದೇ ಉತ್ತರ. ಪರೀಕ್ಷೆ ಮಾಡುವವರು ವೀಸಾದವರ ಕಿವಿಗೆ ಹಾಕುತ್ತಾರೆ, ಅಲ್ಲೇ ಉಳಿಯುತ್ತೇನೆ ಎಂದು ಯಾವ ಕಾರಣಕ್ಕೂ ಬಾಯಿಬಿಡಬಾರದು, ವಾಪಸ್ ಬರುತ್ತೇನೆ ಅಂತಲೇ ಹೇಳಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ. ಯಾರು ಹಬ್ಬಿಸಿದರೋ ಕಾಣೆ, ಎಲ್ಲರೂ ನಂಬುತ್ತಾರೆ. ಹೀಗಾಗಿ ನಮ್ಮ ಜಿಲ್ಲೆಯಿಂದ ತಿರುಗಿ ಬಾರದ ಹಾಗೆ ಹೋದ ಮಕ್ಕಳೆಲ್ಲ ಒಂದೊಂದು ಹೆಣ್ಣುಮಕ್ಕಳ ಶಾಲೆ ಕಟ್ಟಿಸುತ್ತೇವೆಂದು ಹೇಳಿಯೇ ಹೋಗಿದ್ದಾರೆ. ಈ ಮಾತನ್ನು ನಾನು ಆವತ್ತೇ ಬೇಬೆಗೆ ಹೇಳಬೇಕಿತ್ತು. ಅವಳ ಮುಖ ನೋಡಿದೆ, ಹೇಳಲು ಮನಸ್ಸಾಗಲಿಲ್ಲ. ಬಟ್ಟಲು ತೆಗೆದುಕೊಂಡು ಒಳಗೆ ಬಂದೆ.

ಓದಿನ ಪ್ರಶ್ನೆಗೆ ಸರ್ ಕೊಟ್ಟ ಉತ್ತರ ಪ್ರಭ್ಲೀನಳ ಬಾಯಲ್ಲಿ ನಿಲ್ಲಲೇ ಇಲ್ಲ. ಮಹಾಪುರುಷರ ಆತ್ಮಕಥೆಗಳು ತನಗೆ ಸ್ಫೂರ್ತಿ ಎಂದು ಶುರುಮಾಡಿ ಪ್ರತಿಸಲ ನಡುವೆ ಮುಗ್ಗರಿಸುವಳು. ಒಂದು ದಿನ ಅವಳೇ ಹಟ್ಟಿಯ ಹತ್ತಿರ ಹೋಗಿ, ಬೆರಣಿ ತಟ್ಟುತ್ತಿದ್ದ ನಾದಿನಿಯನ್ನು ಕೇಳಿದಳು, ಓದುವುದರಲ್ಲಿ ಏನಿದೆ ಅಂತ ನೀನು ಅಷ್ಟು ಓದುತ್ತೀ ಎಂದು. ವೀರೋ ಕೈ ನಿಲ್ಲಿಸದೆ ಹೇಳಿದಳು. ಎಣ್ಣೆ ಹಿಡಿದ ಕಾಗದ, ಹರಿದ ಕಥೆ, ಮಿಕ್ಕಿದ್ದನ್ನು ಕಟ್ಟುವ ಖುಷಿ, ಕೇಳುತ್ತ ಕೂರುವ ಅಜ್ಜಿ. ಪ್ರಭ್ಲೀನ್ ಅದನ್ನೇ ಇಂಗ್ಲಿಷಿಗೆ ತಿರುಗಿಸಿಕೊಡು ಎಂದಳು. ನನ್ನ ಹತ್ತಿರ ನಾಲ್ಕು ಮಾತು ಕೇಳಿಕೊಂಡು ವೀರೋ ತಿರುಗಿಸಿಯೂ ಕೊಟ್ಟಳು.

ಡಿಸೆಂಬರಿನಲ್ಲಿ ಪರೀಕ್ಷೆ ಆಯಿತು. ಓದಿನ ಉತ್ತರ ಕೇಳಿ ಪರೀಕ್ಷೆ ಮಾಡುವ ಹೆಂಗಸು ಪೆನ್ನು ಕೆಳಗಿಟ್ಟು ನಕ್ಕಳಂತೆ. ಮಾತಿನ ಪರೀಕ್ಷೆಗೆ ಏಳು ಬ್ಯಾಂಡ್ ಬಂತು. ಸುರ್ಜೀತ್ ಬೀದಿಗೆಲ್ಲ ಲಡ್ಡು ಹಂಚಿದಳು, ಲಖ್ವೀರ್ ಮೋಟಾರ್‌ಸೈಕಲ್ ಹಾರನ್ ಒತ್ತಿಕೊಂಡು ಊರು ಸುತ್ತಿದ. ವೀರೋ ಆ ದಿನ ಮೂವತ್ತು ಜನರ ಪಾತ್ರೆ ತೊಳೆದಳು. ಆದರೂ ಖುಷಿಯಾಗಿದ್ದಳು, ಜುಲೈ ಹತ್ತಿರ ಬಂದಿತ್ತಲ್ಲ.

ಜನವರಿಯಲ್ಲಿ ಕೆನಡಾದ ಕಾಲೇಜಿನಿಂದ ಕರೆ ಬಂತು. ಒಂದು ವರ್ಷದ ಫೀಸನ್ನು ಮೊದಲೇ ಕಟ್ಟಬೇಕು, ಆರು ವಾರ ಗಡುವು. ಉಳಿದ ಮೂರು ಎಕರೆ ಮಾರಿದರೆ ಮನೆಯವರು ತಿನ್ನುವುದು ಏನನ್ನು? ಸುರ್ಜೀತಳ ಕಣ್ಣು ರಸ್ತೆ ಬದಿಯ ಅರ್ಧ ಎಕರೆಯ ಮೇಲೆ ಬಿತ್ತು. ಆ ತುಂಡು ಬೇಬೆಯ ಹೆಸರಿನಲ್ಲಿತ್ತು. ಹೆದ್ದಾರಿಗೆ ಮುಖ ಮಾಡಿದ್ದರಿಂದ ಅದೊಂದಕ್ಕೇ ಎರಡು ಎಕರೆಯ ಬೆಲೆ. ಟೈರ್ ವ್ಯಾಪಾರಿಯೊಬ್ಬ ಗೋದಾಮಿಗೆ ಬೇಕೆಂದು ಆಗಲೇ ಎರಡು ಸಲ ಕೇಳಿ ಹೋಗಿದ್ದ.

ಮಧ್ಯಾಹ್ನದ ಊಟದ ಹೊತ್ತಿಗೆ, ಮೆಕ್ಕೆಜೋಳದ ರೊಟ್ಟಿಯ ಮೇಲೆ ಬೆಣ್ಣೆ ಹಾಕುತ್ತ, ಸುರ್ಜೀತ್ ಮೆಲ್ಲಗೆ ಮಾತು ತೆಗೆದಳು. ಬೇಬೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಅದು ಆಗಲ್ಲ. ಆ ಜಾಗ ಸ್ಕೂಲಿಗೆ ಇಟ್ಟಿದೀನಿ."

"ಯಾವ ಸ್ಕೂಲು, ಬೇಬೆಜೀ?"

"ನಿನ್ನ ಸೊಸೆ ವಾಪಸ್ ಬಂದು ತೆಗೆಯೋ ಸ್ಕೂಲು."

ಲಖ್ವೀರನ ಬಾಯಿಂದ ಮಜ್ಜಿಗೆ ಚಿಮ್ಮಿತು. ಅವನು ನಕ್ಕ, ವೀರೋ ನಕ್ಕಳು, ಸುರ್ಜೀತ್ ಕೂಡ ನಕ್ಕಳು. ಬೇಬೆ ನಗಲಿಲ್ಲ. ಆಮೇಲೆ ಯಾರೂ ನಗಲಿಲ್ಲ.

ಸುರ್ಜೀತ್ ಬಿಡಿಸಿ ಹೇಳಿದಳು. ಅದು ಪರೀಕ್ಷೆಯ ಮಾತು, ಅಂಕಕ್ಕಾಗಿ ಕಲಿತದ್ದು, ಮನೆಗೆ ಬಂದವರಿಗೆ ಊಟ ಮಾಡಿ ಅಂದ ಹಾಗೆ, ಹೇಳಬೇಕು ಹೇಳಿದ್ದಾಳೆ. ಬೇಬೆ ಪೂರ್ತಿ ಕೇಳಿಸಿಕೊಂಡಳು.

"ಎರಡು ತಿಂಗಳು ದಿನಾ ಬೆಳಿಗ್ಗೆ ನನ್ನ ಮುಖ ನೋಡ್ಕೊಂಡು ಹೇಳಿದ್ದಾಳೆ. ಸುಳ್ಳಾಗಿದ್ರೆ ಒಂದಿನ ಆದ್ರೂ ತೊದಲ್ತಿರಲಿಲ್ವೇನೆ?" ಎಂದಳು. ಪ್ರಭ್ಲೀನಳ ಕಡೆ ತಿರುಗಿದಳು. "ನೀನೇ ಹೇಳು ಪುತ್. ಸುಳ್ಳಾ?"

ಪ್ರಭ್ಲೀನ್ ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು, ತಟ್ಟೆ ನೋಡಿದಳು. ಇಪ್ಪತ್ತೆರಡು ವರ್ಷದ ಹುಡುಗಿ, ಎರಡು ವರ್ಷದಿಂದ ಇನ್ನೊಬ್ಬರ ಹೊಲದ ದುಡ್ಡಿನ ಮೇಲೆ ಕೂತವಳು. ಅವಳಿಗೆ ಇಲ್ಲ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

"ಇಲ್ಲ ಬೇಬೆಜೀ. ಕಟ್ಟಿಸ್ತೀನಿ."

"ಕೇಳಿದ್ಯಾ?" ಎಂದು ಬೇಬೆ ಊಟ ಮುಂದುವರಿಸಿದಳು.

ಆಮೇಲಿನ ಮೂರು ವಾರ ಆ ಮನೆಯಲ್ಲಿ ನೆಮ್ಮದಿಯಾಗಿ ಒಂದು ತುತ್ತು ಇಳಿಯಲಿಲ್ಲ. ಸುರ್ಜೀತ್ ಅತ್ತೆಯ ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಳು. ಮುದುಕಿಗೆ ಅರಳುಮರಳು ಎಂದು ಬೀದಿಗೆ ಕೇಳುವ ಹಾಗೆ ಹೇಳಿದಳು. ಲಖ್ವೀರ್ ತಾನು ನಾಲೆಗೆ ಬೀಳುತ್ತೇನೆ ಎಂದು ಎರಡು ಸಲ ಹೆದರಿಸಿ, ಎರಡೂ ಸಲ ಊಟದ ಹೊತ್ತಿಗೆ ವಾಪಸ್ ಬಂದ. ಬೇಬೆ ಮಾತ್ರ ಜಾಗವನ್ನು ಹೆಜ್ಜೆಯಲ್ಲಿ ಅಳೆದು ಬಂದಳು. ಕಿಟಕಿ ಎತ್ತರ ಇರಬಾರದು, ಹೊರಗೆ ಕೂತ ಮಗುವಿಗೂ ಒಳಗಿನದು ಕಾಣಬೇಕು ಎಂದು ನನ್ನ ಹತ್ತಿರ ಹೇಳಿದಳು. ಆಗಲೂ ನಾನು ತಲೆಯಾಡಿಸಿದೆ.

ಕೊನೆಗೆ ಸುರ್ಜೀತ್ ದಾರಿ ಬದಲಿಸಿದಳು. ಒಂದು ಬೆಳಿಗ್ಗೆ ಅತ್ತೆಯ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ, ಸರಿ, ಸ್ಕೂಲೇ ಆಗಲಿ, ಈಗಿನಿಂದಲೇ ಕಟ್ಟಿಸೋಣ, ಆದರೆ ಆಫೀಸು ಅಲೆಯಲು ನಿಮ್ಮ ಕಾಲಲ್ಲಿ ಶಕ್ತಿಯಿಲ್ಲ, ಆ ಜಾಗದ ವ್ಯವಹಾರ ನೋಡಿಕೊಳ್ಳಲು ನನ್ನ ಹೆಸರಿಗೊಂದು ಅಧಿಕಾರ ಪತ್ರ ಮಾಡಿಕೊಡಿ ಎಂದಳು. ಬೇಬೆ ಚಹಾ ಕುಡಿದು ಮುಗಿಸಿ ಒಂದು ಷರತ್ತು ಹಾಕಿದಳು.

"ಕಾಗದ ವೀರೋ ಓದಬೇಕು. ಅವಳು ಓದಿ ಹೇಳಿದ್ರೆ ಹೆಬ್ಬೆಟ್ಟು ಒತ್ತುತೀನಿ. ಬೇರೆ ಯಾರ ಬಾಯಿಂದಲೂ ಬೇಡ."

ತಾಯಿ ಮಗಳ ಮಾತು ಹಟ್ಟಿಯಲ್ಲಿ ನಡೆಯಿತು. ನನ್ನ ಗೋಡೆ ಅಲ್ಲಿ ಇನ್ನೂ ಗಿಡ್ಡ. ಕಾಗದದಲ್ಲಿ ಮಾರುವ ಅಧಿಕಾರವಿದೆ, ಸ್ಕೂಲಿನ ಸುದ್ದಿಯಿಲ್ಲ ಎಂದು ಸುರ್ಜೀತ್ ಮುಚ್ಚಿಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಮುದುಕಿ ಒಪ್ಪುವುದಿಲ್ಲ, ಅದಕ್ಕೇ ನಿನ್ನನ್ನು ಕೇಳುತ್ತಿರುವುದು ಎಂದಳು.

"ನನ್ನ ಕೈಲಾಗಲ್ಲ ಬೀಬಿ," ಎಂದಳು ವೀರೋ ತಾಯಿಗೆ. "ಅಜ್ಜಿ ನನ್ನ ಮಾತನ್ನ ನಂಬ್ತಾಳೆ."

"ನಂಬ್ತಾಳೆ ಅಂತಲೇ ಹೇಳ್ತಿರೋದು."

"ಬೇರೆ ಏನಾದ್ರೂ ಮಾಡು."

"ಬೇರೆ ಏನಿದೆ? ಗಡುವು ಹೋದ್ರೆ ನಿನ್ನಣ್ಣನ ಬಾಳು ಹೋಯ್ತು, ಆ ಹುಡುಗೀನ ತವರಿಗೆ ಕಳಿಸಬೇಕು, ನೀನು ಸಾಯೋವರೆಗೂ ಇಲ್ಲೇ ಸಗಣಿ ಬಾಚ್ಕೊಂಡು ಇರಬೇಕು. ಅವಳು ಹೋದ್ರೆ ಜುಲೈಗೆ ನಿನ್ನ ಕಾಲೇಜು. ಅದೇ ದುಡ್ಡಲ್ಲಿ ನಿನ್ನ ಫೀಸು ಮೊದಲೇ ತೆಗೆದಿಡ್ತೀನಿ. ಎರಡರಲ್ಲಿ ಯಾವುದು ಬೇಕೋ ನೋಡ್ಕೋ."

ಆ ಸಂಜೆ ಪ್ರಭ್ಲೀನಳೂ ನಾದಿನಿಯ ಕೈ ಹಿಡಿದು ಅತ್ತಳಂತೆ. ನನ್ನನ್ನು ವಾಪಸ್ ಕಳಿಸಿದರೆ ನನ್ನಪ್ಪ ಮನೆಯೊಳಗೆ ಸೇರಿಸುವುದಿಲ್ಲ ಎಂದಳಂತೆ. ಮರುದಿನ ವೀರೋ ಹಾಲಿನ ಪಾತ್ರೆ ಹಿಡಿದು ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು.

"ಭೈಣ್‌ಜೀ, ನೀವಾಗಿದ್ರೆ ಏನ್ ಮಾಡ್ತಿದ್ರಿ?"

ಅವಳಿಗೆ ಅಕ್ಷರ ಕಲಿಸಿದವಳು ನಾನು. ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದವಳು. ಬೇಬೆಗೆ ನಿಜ ಹೇಳುತ್ತೇನೆ, ಬಾ ಅನ್ನಬಹುದಿತ್ತು. ಸುರ್ಜೀತಳ ಬಾಯಿಗೆ ಹೆದರಿದೆನೋ, ನೆರೆಹೊರೆ ಕೆಡುತ್ತದೆ ಎಂದು ಹೆದರಿದೆನೋ, ಅಂತೂ ಹೆದರಿದೆ. "ಅದು ನಿಮ್ಮ ಮನೆ ವಿಷಯ ಪುತ್. ನಾನು ಹೇಗೆ ಹೇಳಲಿ?" ಎಂದೆ. ಅವಳು ಹಾಲು ಸುರಿದು ಹೋದಳು.

ಕಾಗದ ಓದಿದ್ದು ಫೆಬ್ರವರಿಯ ಎಳೆ ಬಿಸಿಲಿನಲ್ಲಿ. ಬೇಬೆ ಒಗೆದ ಸಲ್ವಾರ್ ಕಮೀಜು ಹಾಕಿಕೊಂಡು, ತಲೆಗೆ ಬಿಳಿ ದುಪಟ್ಟಾ ಹೊದ್ದು ಮಂಚದ ಮೇಲೆ ಕೂತಳು. ನನ್ನನ್ನೂ ಗೋಡೆಯ ಹತ್ತಿರ ಕರೆಸಿದಳು. ಓದಬಲ್ಲ ಇನ್ನೊಬ್ಬಳು ಜೊತೆಗಿರಲಿ ಎಂದಳು. ಸುರ್ಜೀತ್ ಅಕ್ಕಿ ಆರಿಸುವ ಮೊರ ಹಿಡಿದು ಕೂತಿದ್ದಳು. ಒಂದು ಅಕ್ಕಿಕಾಳನ್ನೂ ಆರಿಸಲಿಲ್ಲ.

ವೀರೋ ಕಾಗದ ಬಿಡಿಸಿದಳು. ಮೊದಲ ಎರಡು ಸಾಲು ಇದ್ದದ್ದು ಇದ್ದ ಹಾಗೆ ಬಂತು: ನಿಹಾಲ್ ಕೌರ್ ಆದ ನಾನು, ದಿವಂಗತ ಇಂಥವರ ಪತ್ನಿ, ಸ್ವಸ್ಥ ಬುದ್ಧಿಯಿಂದ. ಅಲ್ಲಿಂದ ಮುಂದೆ ಕಾಗದವನ್ನು ಬಿಟ್ಟಳು. ಕಣ್ಣು ಕಾಗದದ ಮೇಲೆಯೇ ಇತ್ತು, ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಸದರಿ ಅರ್ಧ ಎಕರೆಯಲ್ಲಿ ಹೆಣ್ಣುಮಕ್ಕಳ ಪಾಠಶಾಲೆಯೊಂದನ್ನು ಕಟ್ಟತಕ್ಕದ್ದು. ಅದಕ್ಕೆ ನಾಲ್ಕು ಕೋಣೆ, ಪೂರ್ವಕ್ಕೆ ಬಾಗಿಲು. ಕಿಟಕಿಗಳು ನೆಲದಿಂದ ಎರಡಡಿಗಿಂತ ಎತ್ತರ ಇರತಕ್ಕದ್ದಲ್ಲ. ಕುಡಿಯುವ ನೀರಿನ ನಲ್ಲಿ ಒಂದು. ಮಕ್ಕಳ ಚಪ್ಪಲಿಗಳನ್ನು ಒಳಗೇ ಇಡಲು ಹಲಗೆ ಹೊಡೆಯತಕ್ಕದ್ದು, ಅವನ್ನು ಕಾಯಲು ಹೊರಗೆ ಯಾವ ಮಗುವನ್ನೂ ಕೂರಿಸತಕ್ಕದ್ದಲ್ಲ.

ಅದನ್ನು ಕೇಳಿ ಬೇಬೆ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. ಪ್ರಭ್ಲೀನ್ ಎದ್ದು ಒಳಗೆ ಹೋದಳು. ವರ್ಷಗಟ್ಟಲೆ ಹರಿದ ಕಥೆಗಳಿಗೆ ಬಾಲ ಕಟ್ಟಿದ ಹುಡುಗಿ, ಅವತ್ತು ಕಟ್ಟಿದಷ್ಟು ಚೆನ್ನಾಗಿ ಯಾವತ್ತೂ ಕಟ್ಟಿರಲಿಲ್ಲ.

"ಭೈಣ್‌ಜೀ," ಎಂದು ಬೇಬೆ ಗೋಡೆಯ ಕಡೆ ತಿರುಗಿದಳು. "ಸರಿಯಾಗಿ ಓದಿದ್ಲಾ?"

ವೀರೋ ನನ್ನನ್ನು ನೋಡಿದಳು. ಇಲ್ಲ ಅನ್ನಲಿ ಎಂದು ನೋಡಿದಳೋ, ಹೌದು ಅನ್ನಲಿ ಎಂದು ನೋಡಿದಳೋ ಇವತ್ತಿಗೂ ನನಗೆ ಗೊತ್ತಿಲ್ಲ.

"ಒಂದು ಕಡೆನೂ ತೊದಲಲಿಲ್ಲ, ಬೇಬೆ," ಎಂದೆ.

ಮರುದಿನ ತಹಸೀಲಿನಲ್ಲಿ ಹೆಬ್ಬೆಟ್ಟು ಬಿತ್ತು. ನಿಮ್ಮ ಮನಸ್ಸಿನಿಂದ ಕೊಡುತ್ತಿದ್ದೀರಾ ಎಂದು ಗುಮಾಸ್ತ ಕೇಳಿದ್ದಕ್ಕೆ, ಇದಕ್ಕಿಂತ ಖುಷಿಯಿಂದ ಏನನ್ನೂ ಕೊಟ್ಟಿಲ್ಲ ಎಂದಳಂತೆ ಬೇಬೆ. ಹತ್ತು ದಿನದೊಳಗೆ ಜಾಗ ಟೈರ್ ವ್ಯಾಪಾರಿಯದಾಯಿತು. ಫೀಸು ಹೋಯಿತು, ವೀಸಾ ಬಂತು, ಏಪ್ರಿಲ್ ಕೊನೆಯಲ್ಲಿ ಪ್ರಭ್ಲೀನ್ ಎರಡು ಸೂಟ್‌ಕೇಸ್ ಹಿಡಿದು ಹೋದಳು. ಹೊರಡುವಾಗ ಬೇಬೆಯ ಕಾಲು ಮುಟ್ಟಿದವಳು ತಲೆ ಎತ್ತಲಿಲ್ಲ. "ಬೇಗ ಬಾ. ಗೋಡೆ ಎಬ್ಬಿಸಿ ಇಟ್ಟಿರ್ತೀವಿ," ಎಂದು ಬೇಬೆ ಅವಳ ತಲೆ ಸವರಿದಳು. ಮೊದಲು ದಿನಾ ಬರುತ್ತಿದ್ದ ಫೋನು ಆಮೇಲೆ ಭಾನುವಾರಕ್ಕೆ ಇಳಿಯಿತು. ಲಖ್ವೀರ್ ಬೆಳಿಗ್ಗೆ ಹತ್ತರವರೆಗೆ ಮಲಗಿ ತನ್ನ ಕಾಗದಪತ್ರಕ್ಕೆ ಕಾಯುತ್ತಿದ್ದಾನೆ.

ಜುಲೈ ಬಂತು. ವೀರೋ ಹಿಟ್ಟಿನ ಡಬ್ಬದ ಕೆಳಗಿಂದ ಅರ್ಜಿ ತೆಗೆದು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಬೆಳಿಗ್ಗೆ ಏಳಕ್ಕೇ ಅಂಗಳದಲ್ಲಿ ನಿಂತಿದ್ದಳು. ಮೋಗಾದ ಬಸ್ಸು ಏಳೂವರೆಗೆ. ಸುರ್ಜೀತ್ ಎಮ್ಮೆಗೆ ಮೇವು ಹಾಕುತ್ತಿದ್ದವಳು ಕೈ ಕೊಡವಿಕೊಂಡು ಬಂದಳು.

"ಬಟ್ಟೆ ಬಿಚ್ಚಿಡು. ಇವತ್ತು ಕೋಟ್‌ಕಪೂರಾದಿಂದ ಜನ ಬರ್ತಾರೆ."

"ಯಾವ ಜನ?"

"ನಿನ್ನ ನೋಡೋಕೆ. ಒಬ್ಬನೇ ಮಗ. ನೀನು ಆರೂವರೆ ತೆಗೆದ್ರೆ ಖರ್ಚೆಲ್ಲ ಅವರದೇ. ನಿನ್ನ ಭಾಬಿಗೆ ಉತ್ತರ ಬರೆದುಕೊಟ್ಟೋಳು ನೀನೇ ಅಂತ ಕೋಚಿಂಗಿನ ಸರ್ ಅವರಿಗೆ ಹೇಳಿದ್ದಾರೆ."

"ಕಾಲೇಜು ಅಂದಿದ್ದೆ ನೀನು. ಆಣೆ ಇಟ್ಟಿದ್ದೆ. ಫೀಸು ತೆಗೆದಿಡ್ತೀನಿ ಅಂದಿದ್ದೆ."

"ತೆಗೆದಿಟ್ಟಿದ್ದೆ. ಅವಳ ಟಿಕೆಟ್ಟಿಗೆ ಹೋಯ್ತು." ಸುರ್ಜೀತ್ ಮಗಳ ಮುಖ ನೋಡದೆ ಅವಳ ಭುಜದ ಮೇಲಿನ ದಾರದ ಎಳೆ ಕಿತ್ತಳು. "ಓದಬೇಕು ಅಂತಿದ್ಯಲ್ಲ. ಇದನ್ನೇ ಓದು."

ವೀರೋ ಜಗಳವಾಡುತ್ತಾಳೆ ಎಂದು ನಾನು ಗೋಡೆಯ ಈಚೆ ಕಾದೆ. ಅವಳು ಆಡಲಿಲ್ಲ. ಯಾವ ಬಾಯಿಂದ ಆಡಬೇಕು? ಯಾವುದಕ್ಕಾಗಿ ಅಜ್ಜಿಗೆ ಸುಳ್ಳು ಓದಿದಳೋ ಅದು ಸಿಗಲಿಲ್ಲ ಎಂದು ಅಜ್ಜಿಯ ಹತ್ತಿರವೂ ಅಳುವಂತಿಲ್ಲ. ಬಟ್ಟೆ ಬದಲಿಸಿ ಪಕೋಡಕ್ಕೆ ಈರುಳ್ಳಿ ಹೆಚ್ಚಲು ಕೂತಳು. ಸಂಜೆ ನನ್ನ ಮನೆಗೆ ಒಂದು ಪುಸ್ತಕ ವಾಪಸ್ ಬಂತು, ನಾನು ಎಂದೋ ಕೊಟ್ಟಿದ್ದು. ಅದನ್ನು ಪೂರ್ತಿ ಓದಿದೆಯಾ ಎಂದು ಕೇಳಿದೆ. ಈಗ ಬೇಡ ಭೈಣ್‌ಜೀ ಎಂದಳು. ಸಮೋಸದ ಕಾಗದವನ್ನೂ ಈಗ ಅವಳು ಹಾಗೇ ಒಲೆಗೆ ಹಾಕುತ್ತಾಳೆ.

ಅತ್ತ ರಸ್ತೆ ಬದಿಯಲ್ಲಿ ಗೋಡೆ ಏಳುತ್ತಿತ್ತು. ಬೇಬೆ ದಿನಾ ತಿಂಡಿ ಮುಗಿಸಿ ಕೋಲೂರಿಕೊಂಡು ಅಲ್ಲಿಗೆ ಹೋಗಿ ಮರದ ನೆರಳಲ್ಲಿ ಕೂರುತ್ತಾಳೆ. ಗಾರೆಯವರಿಗೆ ಬೆಲ್ಲ ಒಯ್ಯುತ್ತಾಳೆ. ಕಿಟಕಿ ಇನ್ನೂ ಇಟ್ಟಿಲ್ಲವಲ್ಲ ಎಂದು ಕೇಳಿದರೆ, ಇಡ್ತೀವಿ ಬೇಬೆ, ಇಡ್ತೀವಿ ಎನ್ನುತ್ತಾರೆ ಅವರು. ಅವರಿಗೇನು, ಬೆಲ್ಲ ಸಿಗುತ್ತದೆ.

ಜುಲೈ ಕೊನೆಯ ಒಂದು ಬೆಳಿಗ್ಗೆ, ಗಾಳಿಯಿಲ್ಲದ ಸೆಕೆ. ಒಲೆಯ ಮುಂದೆ ಈಗ ಸುರ್ಜೀತ್. ಮಂಚದ ಮೇಲೆ ವೀರೋ, ಮಡಿಲಲ್ಲಿ ಕೋಚಿಂಗಿನ ಹಾಳೆಗಳು. ಅವಳೂ ಈಗ ಒಲೆ ಮುಟ್ಟುವಂತಿಲ್ಲ. ಬೇಬೆ ಪ್ರಾರ್ಥನೆ ಮುಗಿಸಿ, ದುಪಟ್ಟಾ ಸರಿಮಾಡಿಕೊಂಡು ಮೊಮ್ಮಗಳ ಕಡೆ ತಿರುಗಿದಳು.

ಮೊದಲ ಪ್ರಶ್ನೆ ಕೇಳಿದಳು. ಓದು ಮುಗಿಸಿ ಊರಿಗೆ ಮರಳುತ್ತೇನೆ, ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆಯುತ್ತೇನೆ ಎಂದಳು ವೀರೋ, ಸರ್ ಕೊಟ್ಟ ಹಾಗೆ.

"ಶಾಬಾಶ್ ಪುತ್," ಎಂದು ಬೇಬೆ ಎರಡನೆಯದನ್ನು ಕೇಳಿದಳು. "ಡೂ ಯೂ ಲೈಕ್ ರೀಡಿಂಗ್?"

ವೀರೋ ಹಾಳೆಯನ್ನು ಮಗುಚಿ ಇಟ್ಟಳು. ಅಜ್ಜಿಯ ಮುಖವನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಎಲ್ಲ ಚಿಕ್ಕ ಚಿಕ್ಕ ವಾಕ್ಯ. ಇಲ್ಲ, ನನಗೆ ಓದುವುದು ಇಷ್ಟವಿಲ್ಲ. ಮೊದಲು ಇಷ್ಟವಿತ್ತು. ಒಂದು ದಿನ ನಾನು ನನ್ನ ಅಜ್ಜಿಗೆ ಒಂದು ಕಾಗದ ಓದಿದೆ. ಅದರಲ್ಲಿ ಶಾಲೆ ಇರಲಿಲ್ಲ. ಅಲ್ಲಿ ಟೈರಿನ ಗೋದಾಮು ಕಟ್ಟುತ್ತಿದ್ದಾರೆ. ಅದಕ್ಕೆ ಕಿಟಕಿ ಇರುವುದಿಲ್ಲ. ನನ್ನ ಅಜ್ಜಿ ದಿನಾ ಹೋಗಿ ಅಲ್ಲಿ ಕೂರುತ್ತಾಳೆ. ಅವಳಿಗೆ ಗೊತ್ತಿಲ್ಲ. ನಾನು ಅವಳಿಗೆ ಹೇಳಲಾರೆ.

ಒಲೆಯ ಮುಂದೆ ಸುರ್ಜೀತ್ ರೊಟ್ಟಿ ತಿರುವಿ ಹಾಕಿದಳು. ಅವಳಿಗೆ ಇಂಗ್ಲಿಷ್ ಬಾರದು, ಲಖ್ವೀರ್ ಇನ್ನೂ ಎದ್ದಿರಲಿಲ್ಲ. ಆ ಬೀದಿಯಲ್ಲಿ ಆ ಮಾತು ಅರ್ಥವಾಗುವ ಒಂದೇ ಜೀವ ಗೋಡೆಯ ಈಚೆ ಚಹಾ ಲೋಟ ಹಿಡಿದು ನಿಂತಿತ್ತು.

"ಪೂರ್ತಿ ಅಂಕ," ಎಂದಳು ಬೇಬೆ. ಮೊಮ್ಮಗಳ ತಲೆ ಸವರಿದಳು. ಆಮೇಲೆ ಕೋಲು ತೆಗೆದುಕೊಂಡು ಗೋಡೆಯ ಹತ್ತಿರ ಬಂದಳು. "ಭೈಣ್‌ಜೀ, ಇವತ್ತು ಹೊಸ ಉತ್ತರ ಹೇಳಿದ್ಲಲ್ಲ. ಉದ್ದ ಇತ್ತು. ಏನಂದ್ಲು?"

ವೀರೋ ಮಂಚದ ಮೇಲಿಂದ ನನ್ನನ್ನು ನೋಡುತ್ತಿದ್ದಳು. ಫೆಬ್ರವರಿಯಲ್ಲಿ ನೋಡಿದ ಹಾಗೆಯೇ.

"ಓದೋದು ಅಂದ್ರೆ ತುಂಬಾ ಇಷ್ಟ ಅಂದ್ಲು, ಬೇಬೆ," ಎಂದೆ.

"ಅದು ನನಗೆ ಗೊತ್ತಿಲ್ವಾ," ಎಂದು ಬೇಬೆ ನಕ್ಕಳು. ಬೆಲ್ಲದ ಗಂಟನ್ನು ದುಪಟ್ಟಾದ ಸೆರಗಿಗೆ ಕಟ್ಟಿಕೊಂಡು, ಇವತ್ತಾದರೂ ಕಿಟಕಿಯ ವಿಷಯ ಗಟ್ಟಿಯಾಗಿ ಹೇಳಿ ಬರುತ್ತೇನೆ ಎಂದು ರಸ್ತೆಯ ಕಡೆ ಹೊರಟಳು.